ಹೆಸರು ಹೇಳುವವರು ಯಾರು?

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ ಕೊನೆಯ ವಾರ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯನ್ನೇರಿ ಬರುವ ಮಾದಪ್ಪನಿಗೆ ಹರಕೆ ಹೊರುವ ಸೀಮೆಯಲ್ಲೇ ಇದು ನಡೆಯಿತಲ್ಲ ಎಂಬ ಸಂಕಟ ಜಿಲ್ಲೆಯ ಎಷ್ಟೋ ಜನರನ್ನು ಇಂದಿಗೂ ಬಿಟ್ಟಿಲ್ಲ.

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಈ ಭಾಗದ ಕಾಡುಗಳಲ್ಲೇ ಕೆಲಸ ಮಾಡಿ ನಿವೃತ್ತರಾದ ವಲಯ ಅರಣ್ಯಾಧಿಕಾರಿ. ಇನ್ನೊಬ್ಬರು ಬಿಳಿಗಿರಿರಂಗನ ಬೆಟ್ಟದ ಪೋಡೊಂದರ, ಅಂದರೆ ಹಾಡಿಯೊಂದರ, ಸೋಲಿಗ ಯುವತಿ. ಪದವಿ ಮುಗಿಸಿ ಬಂದು ಈಗ ತಮ್ಮ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಲ್ಲಿದ್ದಾರೆ. ಕಳ್ಳಬೇಟೆ ತಡೆಯುವುದರಲ್ಲಿ ಊರವರ ಪಾಲೇನು ಎಂಬ ಸಭೆ ಕೊಳ್ಳೇಗಾಲದಲ್ಲಿ ಮುಗಿದ ಮೇಲೂ ಇವರಿಬ್ಬರ ಮಾತು ಮುಗಿದಿರಲಿಲ್ಲ.

ಅಧಿಕಾರಿ: ಸಭೆಯಲ್ಲಿ ಎಲ್ಲರ ಬಾಯಲ್ಲೂ ಸಮುದಾಯ, ಸಮುದಾಯ. ನಾನು ಸುಮ್ಮನೆ ಕೂತಿದ್ದೆ. ಈಗ ನಿನ್ನನ್ನೇ ಕೇಳ್ತೀನಿ ಕಣಮ್ಮ. ಆ ಐದು ಹುಲಿಗೆ ವಿಷ ಇಟ್ಟದ್ದು ಎಲ್ಲಿಯ ಕೈ? ದೂರದಿಂದ ಬಂದ ಚರ್ಮದ ಕಳ್ಳರದ್ದಲ್ಲ. ಅದೂ ಕಾಡಂಚಿನ ಕೈಯೇ ಅಲ್ವಾ?

ಯುವತಿ: ಅಲ್ಲ ಅಂತ ನಾನು ಹೇಳಲ್ಲ ಸಾರ್. ಆದ್ರೆ ಕಾಡಲ್ಲಿ ಹಸು ಕಳಕೊಂಡವರು ಇಲಾಖೆಯ ಬಾಗಿಲಿಗೆ ಬರೋಕೆ ಯಾಕೆ ಹಿಂಜರೀತಾರೆ ಅಂತಾನೂ ಕೇಳಿ. ಪರಿಹಾರ ಕೇಳೋಕೆ ಹೋದ್ರೆ, ‘ಕಾಡೊಳಗೆ ದನ ಬಿಟ್ಟಿದ್ದು ಯಾಕೆ’ ಅಂತ ತಮ್ಮ ಮೇಲೇ ಕೇಸು ಬಿದ್ದೀತು ಅನ್ನೋ ಭಯ. ಅದೇ ಸಮಯದಲ್ಲಿ ಆ ಕಾಡು ಕಾಯ್ತಿದ್ದ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಆಗಿಲ್ಲ ಅನ್ನೋದೂ ಪತ್ರಿಕೆಗಳಲ್ಲಿ ಬಂತು. ಹಸು ಕಳಕೊಂಡವನಿಗೆ ದಾರಿ ಇಲ್ಲ, ಕಾಡು ಕಾಯೋನಿಗೆ ಕೂಲಿ ಇಲ್ಲ. ಇವೆರಡರ ನಡುವೆ ಸಿಕ್ಕಿ ಸತ್ತದ್ದು ಹುಲಿ.

ಅಧಿಕಾರಿ: ಸಂಬಳದ ಮಾತು ನಾಚಿಕೆಗೇಡು, ಒಪ್ಪಿದೆ. ಆದ್ರೆ ಕೊಂದದ್ದಕ್ಕೆ ಅದು ಸಮರ್ಥನೆ ಆಗಲ್ಲ. ಇನ್ನೊಂದು ವಿಷಯ. ನೀವು ಎಲ್ಲ ಕೊಲೆಯನ್ನೂ ಒಂದೇ ಗಂಟು ಕಟ್ಟಿಬಿಡ್ತೀರಿ. ನನ್ನ ಅನುಭವದಲ್ಲಿ ಮೂರು ಬಗೆ ಇದೆ. ಬಾಡಿನ ಆಸೆಗೆ ಕಾಡುಹಂದಿಗೋ ಜಿಂಕೆಗೋ ಉರುಳು ಹಾಕೋದು ಒಂದು. ಹಸು ಹೋಯ್ತು, ಬೆಳೆ ಹೋಯ್ತು ಅನ್ನೋ ಸಿಟ್ಟಿಗೆ ವಿಷ ಇಡೋದು, ಬೇಲಿಗೆ ಕರೆಂಟ್ ಕೊಡೋದು ಇನ್ನೊಂದು. ಮೂರನೆಯದು ವ್ಯಾಪಾರ. ಮೊದಲ ಎರಡನ್ನು ಊರು ಕೂತು ಮಾತಾಡಿ ತಡೆಯಬಹುದು ಅಂದ್ರೆ ನಾನು ತಲೆದೂಗ್ತೀನಿ. ಮೂರನೆಯದಕ್ಕೆ ನಿಮ್ಮ ಗ್ರಾಮಸಭೆ ಸಾಲಲ್ಲ. ಸರಿಸ್ಕಾದಲ್ಲಿ 2004ರ ಹೊತ್ತಿಗೆ ಹುಲಿ ಪೂರ್ತಿ ಖಾಲಿ ಆಯ್ತು. ಪನ್ನಾದಲ್ಲೂ 2009ರಲ್ಲಿ ಅದೇ ಕತೆ. ಸಂಸಾರ್ ಚಂದ್‌ನಂಥವನು ದೆಹಲಿಯಲ್ಲಿ ಕೂತು ಚರ್ಮ, ಮೂಳೆ ಕೈಬದಲು ಮಾಡ್ತಿದ್ದ. ಅವನ ಮುಂದೆ ಒಂದು ಪೋಡಿನ ಪಂಚಾಯ್ತಿ ಏನು ಮಾಡೀತು?

ಯುವತಿ: ದೆಹಲಿಯಲ್ಲಿ ಕೂತವನಿಗೆ ಹುಲಿ ಯಾವ ಹಳ್ಳದಲ್ಲಿ ನೀರು ಕುಡೀತದೆ ಅಂತ ಗೊತ್ತಿರುತ್ತಾ ಸಾರ್? ಚಿಪ್ಪುಹಂದಿ ಬಿಲ ಎಲ್ಲಿದೆ, ಯಾವ ಹುತ್ತದ ಹತ್ತಿರ ರಾತ್ರಿ ಬರುತ್ತೆ ಅನ್ನೋದು ಕಾಡು ತಿರುಗೋರಿಗೆ ಮಾತ್ರ ಗೊತ್ತು. ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಪೂರ್ತಿ ನಿಷೇಧ. ಚೀನಾ 2020ರಲ್ಲಿ ಅದರ ಚಿಪ್ಪನ್ನು ತನ್ನ ಅಧಿಕೃತ ಔಷಧ ಪಟ್ಟಿಯಿಂದಲೂ ತೆಗೀತು. ಆದ್ರೂ ದಲ್ಲಾಳಿ ಬರೋದು ನಿಂತಿಲ್ಲ. ಬಂದವನು ಮೊದಲು ಹುಡುಕೋದು ದಾರಿ ತೋರಿಸೋ ಒಬ್ಬನನ್ನ. ಮಗಳ ಮದುವೆಗೆ ಸಾಲ ಮಾಡಿದವನು ಯಾರು, ಆಸ್ಪತ್ರೆಗೆ ದುಡ್ಡಿಲ್ಲದವನು ಯಾರು ಅಂತ ವಿಚಾರಿಸ್ಕೊಂಡು ಮುಂಗಡ ಕೊಡ್ತಾನೆ. ವ್ಯಾಪಾರದ ಸರಪಳಿ ಎಷ್ಟೇ ಉದ್ದ ಇರಲಿ, ಅದರ ಮೊದಲ ಕೊಂಡಿ ನಮ್ಮೂರಲ್ಲೇ ಇದೆ. ಅದನ್ನು ಬಿಚ್ಚೋಕೆ ಆಗೋದೂ ನಮ್ಮೂರಿಗೇ.

ಅಧಿಕಾರಿ: ಬಿಚ್ಚೋಕೆ ಆಗುತ್ತೆ ಅಂದ್ರೆ ಬಿಗಿಯೋಕೂ ಆಗುತ್ತೆ. ಕಾಡು ಬಲ್ಲ ಕಣ್ಣು ಮಾರಾಟಕ್ಕೂ ಸಿಗುತ್ತೆ. ಜೇನಿಗೆ, ನೆಲ್ಲಿಕಾಯಿಗೆ ಅಂತ ಹೋದವರ ಚೀಲದಲ್ಲೇ ಬೈಕಿನ ಕ್ಲಚ್ ತಂತಿ ಸಿಕ್ಕಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಆ ತಂತಿಗೆ ಹಂದಿ ಯಾವುದು, ಚಿರತೆ ಯಾವುದು ಅನ್ನೋ ಭೇದ ಇಲ್ಲ. ಕುತ್ತಿಗೆಗೋ ಸೊಂಟಕ್ಕೋ ಬಿದ್ದ ಉರುಳು ಎಳೆದಷ್ಟೂ ಬಿಗೀತಾ ಹೋಗುತ್ತೆ. ಅದನ್ನು ಬಿಚ್ಚೋಕೆ ಹೋದ ರಾತ್ರಿಗಳು ನನಗೆ ಮರೆಯಲ್ಲ.

ಯುವತಿ: ನಮ್ಮವರಲ್ಲಿ ಯಾರೂ ಉರುಳು ಹಾಕಿಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ ಸಾರ್. ಆದ್ರೆ ಇತಿಹಾಸ ಪೂರ್ತಿ ಹೇಳಿ. ಹೊನ್ನಮೇಟಿ ಕಾಫಿ ತೋಟದ ಆರ್.ಸಿ. ಮಾರಿಸ್‌ನಂಥ ದೊರೆಗಳು ಶಿಕಾರಿಗೆ ಹೊರಟಾಗ ಹೆಜ್ಜೆ ಗುರುತು ಹಿಡಿದು ಮುಂದೆ ನಡೀತಿದ್ದದ್ದು ನಮ್ಮ ತಾತಂದಿರು. ಬಂಡೀಪುರ ಮಹಾರಾಜರ ಬೇಟೆ ಕಾಡಾಗಿತ್ತು. ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳನ್ನು ಹೊಳೆಗೆ ಅಟ್ಟಿದವರಲ್ಲಿ ಕಾಡು ಕುರುಬರಿದ್ರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬಂದೂಕು ಹಿಡಿದಿದ್ದ ದೊರೆ ಪುಸ್ತಕದಲ್ಲಿ ಶಿಕಾರಿಯಾಗಿಯೇ ಉಳಿದ. ದಾರಿ ತೋರಿಸಿದವನು ಮಾತ್ರ ಒಂದೇ ದಿನಕ್ಕೆ ಕಳ್ಳ ಆದ.

ಅಧಿಕಾರಿ: ಆ ಅನ್ಯಾಯ ನಿಜ. ಆದ್ರೆ ಕಾಯ್ದೆ ಬರದೆ ಇದ್ದಿದ್ರೆ ಇವತ್ತು ನೀನೂ ನಾನೂ ಜಗಳ ಆಡೋಕೆ ಹುಲಿಯೇ ಇರ್ತಿರಲಿಲ್ಲ. ಲೆಕ್ಕ ನೋಡು. 2006ರ ಗಣತಿಯಲ್ಲಿ ಕರ್ನಾಟಕದಲ್ಲಿ ಅಂದಾಜು 290 ಹುಲಿ. 2022ರಲ್ಲಿ 563. ಇದು ಭಾಷಣದಿಂದ ಬಂದದ್ದಲ್ಲ. ಕಳ್ಳಬೇಟೆ ತಡೆ ಶಿಬಿರದಲ್ಲಿ ಮಳೆಗಾಲ, ಬೇಸಿಗೆ ಅನ್ನದೆ ಕೂತವರಿಂದ ಬಂದದ್ದು. ಆನೆದಂತದ್ದೂ ಹಾಗೇ. 1986ರಲ್ಲಿ ದೇಶದೊಳಗಿನ ದಂತದ ವ್ಯಾಪಾರ ನಿಲ್ಲಿಸಿದ್ರು. 1989ರಲ್ಲಿ ಅಂತರರಾಷ್ಟ್ರೀಯ ನಿಷೇಧದ ತೀರ್ಮಾನ ಆಯ್ತು. ಅಷ್ಟರೊಳಗೆ ದಂತ ಇರೋ ಗಂಡಾನೆಗಳನ್ನೇ ಆರಿಸಿ ಹೊಡೆದು ಪೆರಿಯಾರ್‌ನಂಥ ಕಾಡುಗಳಲ್ಲಿ ಗಂಡು ಹೆಣ್ಣಿನ ಪ್ರಮಾಣವೇ ಕೆಟ್ಟುಹೋಗಿತ್ತು. ಕಾನೂನು ಗಟ್ಟಿಯಾಗದೆ ಅದು ನಿಲ್ತಿರಲಿಲ್ಲ.

ಯುವತಿ: ಶಿಬಿರದಲ್ಲಿ ಕೂತವರು ಯಾರು ಸಾರ್?

ಅಧಿಕಾರಿ: ಹೆಚ್ಚಿನವರು ನಿಮ್ಮ ಹುಡುಗರೇ. ಸೋಲಿಗರು, ಜೇನು ಕುರುಬರು, ಕಾಡಂಚಿನ ಊರವರು.

ಯುವತಿ: ಹಾಗಾದ್ರೆ ಆ 563ರಲ್ಲಿ ಸಮುದಾಯದ ಪಾಲು ಆಗಲೇ ಇದೆ. ಅದಕ್ಕೆ ಹೆಸರಿಲ್ಲ, ಅಷ್ಟೇ. ನಮ್ಮ ಹುಡುಗ ದಿನಗೂಲಿಗೆ ನಡೀತಾನೆ, ಆನೆ ಎದುರು ಬಂದ್ರೆ ಪ್ರಾಣ ಕೊಡ್ತಾನೆ. ಎಲ್ಲಿ ಗಸ್ತು ಹೋಗಬೇಕು, ಯಾವ ದಾರಿ ಮುಚ್ಚಬೇಕು ಅನ್ನೋ ಮಾತು ಬಂದಾಗ ಮಾತ್ರ ಅವನನ್ನು ಕೇಳೋರಿಲ್ಲ. ನಮ್ಮ ಕಾಲು ಬೇಕು, ನಮ್ಮ ಮಾತು ಬೇಡ.

ಅಧಿಕಾರಿ: ಮಾತು ಕೇಳೋಕೆ ಹೋದ ಒಬ್ಬ ಅಧಿಕಾರಿಯ ಕತೆ ಹೇಳ್ತೀನಿ. ನಿಂಗೂ ಗೊತ್ತಿರುತ್ತೆ. ಪಿ. ಶ್ರೀನಿವಾಸ್. ಐಎಫ್‌ಎಸ್ ಅಧಿಕಾರಿ. ಕಾಡುಗಳ್ಳ ವೀರಪ್ಪನ್‌ನ ಊರು ಗೋಪಿನಾಥಂಗೇ ಹೋಗಿ ನೆಲೆಸಿದ್ರು. ಊರಿಗೆ ಕುಡಿಯೋ ನೀರು, ಔಷಧಿಯ ವ್ಯವಸ್ಥೆ ನೋಡಿದ್ರು. ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ರು. ಕಾಡು ಹಿಡಿದವರನ್ನ ಮಾತಾಡಿಸಿ ಶರಣಾಗತಿ ಮಾಡಿಸಿದ್ರು. ಕೊನೆಗೆ ವೀರಪ್ಪನ್ನೂ ಶರಣಾಗ್ತಾನೆ ಅನ್ನೋ ಮಾತು ನಂಬಿ ಆಯುಧ ಇಲ್ಲದೆ ಕಾಡಿಗೆ ಹೋದ್ರು. 1991ರ ನವೆಂಬರ್ 10ರಂದು ಅವರನ್ನ ಕೊಂದ್ರು. ಮರಣೋತ್ತರ ಕೀರ್ತಿ ಚಕ್ರ ಬಂತು. ನಂಬಿಕೆ ಅನ್ನೋದಕ್ಕೆ ಎಷ್ಟು ಬೆಲೆ ಕಟ್ಟಬೇಕಾಗುತ್ತೆ ಅನ್ನೋದು ನಮ್ಮ ಇಲಾಖೆಗೆ ಆವತ್ತು ಗೊತ್ತಾಯ್ತು.

ಯುವತಿ: ಆ ಕತೆ ನಮ್ಮ ಕಡೆ ಬೇರೆ ಥರ ಹೇಳ್ತಾರೆ ಸಾರ್. ಶ್ರೀನಿವಾಸ್ ಅವರನ್ನ ಕೊಂದದ್ದು ಆ ಊರಲ್ಲ, ಒಬ್ಬ ಹಂತಕ. ಗೋಪಿನಾಥಂನವರು ಅವರ ನೆನಪನ್ನ ಇವತ್ತಿಗೂ ಗೌರವದಿಂದ ಕಾಪಾಡ್ಕೊಂಡಿದ್ದಾರೆ. ಆ ಊರವರೇ ಕೆಲವರು ಇಂದು ಕಾಡು ಕಾಯೋ ಕೆಲಸದಲ್ಲಿದ್ದಾರೆ, ಪ್ರವಾಸಿಗರಿಗೆ ದಾರಿ ತೋರಿಸ್ತಾರೆ. ಶ್ರೀನಿವಾಸ್ ಬಿತ್ತಿದ್ದು ಸತ್ತಿಲ್ಲ. ಅದು ಸೊರಗಿದ್ದು ಆಮೇಲೆ ನಡೆದದ್ದರಿಂದ. ವೀರಪ್ಪನ್ ಹಿಡಿಯೋ ಕಾರ್ಯಾಚರಣೆ ಹೆಸರಲ್ಲಿ ಊರವರ ಮೇಲೆ ಏನೇನು ನಡೀತು ಅಂತ ಸದಾಶಿವ ಆಯೋಗದ ಮುಂದೆ ಜನ ಬಂದು ಹೇಳಿದ್ರಲ್ಲ. ಅನ್ನ ಕೊಟ್ರೆ ಪೊಲೀಸರ ಏಟು, ಕೊಡದಿದ್ರೆ ವೀರಪ್ಪನ್ ಗುಂಡು. ಅಂಥ ಹತ್ತು ಹದಿಮೂರು ವರ್ಷ ಬದುಕಿದ ಜನ ಬಾಯಿ ಮುಚ್ಕೊಂಡಿರೋದನ್ನ ಕಲಿತ್ರು. ಆ ಮೌನವನ್ನೇ ನೀವು ಇವತ್ತು ಕಳ್ಳರ ಜೊತೆ ಶಾಮೀಲು ಅಂತೀರಿ.

ಅಧಿಕಾರಿ: ಆ ದಿನಗಳ ಏಟು ತಿಂದವರಲ್ಲಿ ನಮ್ಮ ಗಾರ್ಡುಗಳೂ ಇದ್ರು, ಮರೀಬೇಡ. ನಾನು ಹೇಳೋದು ಇಷ್ಟೇ: 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತದ್ದು ಗ್ರಾಮಸಭೆಯ ಠರಾವಿನಿಂದಲ್ಲ, ಪೊಲೀಸರ ಗುಂಡಿನಿಂದ.

ಯುವತಿ: ಗುಂಡು ಹಾರಿದ್ದು ಕೊನೇ ರಾತ್ರಿ. ಅವನನ್ನ ಕಾಡಿನಿಂದ ರಸ್ತೆಗೆ ತಂದದ್ದು ಅವನ ಹತ್ತಿರಕ್ಕೆ ಸೇರಿಸಿದ ಮನುಷ್ಯರು, ಒಳಗಿಂದ ಬಂದ ಸುದ್ದಿ. ಅಷ್ಟು ವರ್ಷ ಸಾವಿರಾರು ಪೊಲೀಸರಿಗೆ ಸಿಗದವನು ಸುದ್ದಿಗೆ ಸಿಕ್ಕಿದ. ಕಾಡಿನಲ್ಲಿ ಬಂದೂಕಿಗಿಂತ ಮೊದಲು ಬೇಕಾದದ್ದು ಸುದ್ದಿ. ಅದು ನಂಬಿಕೆ ಇಲ್ಲದ ಕಡೆ ಬರಲ್ಲ.

ಅಧಿಕಾರಿ: ಇದನ್ನು ಒಪ್ತೀನಿ. ಪೆರಿಯಾರ್‌ನಲ್ಲಿ ಆದದ್ದೂ ಅದೇ. ಕಾಡು ಚಕ್ಕೆಯ ತೊಗಟೆ, ಅವರು ವಯನ ಅಂತಾರೆ, ಅದನ್ನು ಕದೀತಿದ್ದ ತಂಡವನ್ನ 1990ರ ದಶಕದ ಕೊನೆಗೆ ಇಲಾಖೆ ಹಿಡೀತು. ಜೈಲಿಗೆ ಕಳಿಸೋ ಬದಲು ಕೂತು ಮಾತಾಡಿದ್ರು. ನಿಮಗೆ ಗೊತ್ತಿರೋ ಕಳ್ಳದಾರಿ ತೋರಿಸಿ, ನಮ್ಮ ಜೊತೆ ಗಸ್ತು ತಿರುಗಿ, ಪ್ರವಾಸಿಗರನ್ನ ಕಾಡಲ್ಲಿ ನಡೆಸಿ ದುಡೀರಿ ಅಂದ್ರು. ಕದ್ದವರೇ ಕಾವಲಿಗೆ ನಿಂತ್ರು. ಊರಿನ ಹೆಂಗಸರು ‘ವಸಂತ ಸೇನೆ’ ಅಂತ ಕಟ್ಟಿಕೊಂಡು ಕೂಲಿ ತಗೊಳ್ಳದೆ ಗಂಧದ ಕಾಡಲ್ಲಿ ಗಸ್ತು ತಿರುಗಿದ್ರು. ಇಲಾಖೆ ಮನಸ್ಸು ಮಾಡಿದ್ರೆ ಆಗುತ್ತೆ.

ಯುವತಿ: ಪೆರಿಯಾರ್‌ಗೆ ಹಣ ಬಂದದ್ದು ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯಿಂದ. ಅದೇ ಯೋಜನೆ ನಮ್ಮ ನಾಗರಹೊಳೆಗೂ ಬಂದಿತ್ತು ಸಾರ್. ಅಲ್ಲೇನಾಯ್ತು? ನಮ್ಮನ್ನು ಕೇಳದೆ ನಮ್ಮ ಬದುಕಿಗೆ ಯೋಜನೆ ಹಾಕಿದ್ದಾರೆ ಅಂತ ಹಾಡಿಯವರ ಪರವಾಗಿ 1998ರಲ್ಲಿ ವಿಶ್ವಬ್ಯಾಂಕಿನ ಪರಿಶೀಲನಾ ಸಮಿತಿಗೇ ದೂರು ಹೋಯ್ತು. ಅದಕ್ಕೂ ಸ್ವಲ್ಪ ಮೊದಲು ಅದೇ ಕಾಡೊಳಗೆ ಐಷಾರಾಮಿ ಹೋಟೆಲ್ ಕಟ್ಟೋಕೆ ಹೊರಟಿದ್ರು. ಆದಿವಾಸಿಗಳು ಬೀದಿಗಿಳಿದು, ಹೈಕೋರ್ಟ್ ಹೇಳಿದ ಮೇಲೆ ಅದು ನಿಂತದ್ದು. ಸೌದೆ ತಂದ್ರೆ ತಪ್ಪು, ಹೋಟೆಲ್ ಕಟ್ಟಿದ್ರೆ ಅಭಿವೃದ್ಧಿ ಅನ್ನೋದನ್ನ ಕಣ್ಣಾರೆ ಕಂಡ ಹಾಡಿಗೆ ಹೋಗಿ, ಒಲೆ ಕೊಡ್ತೀವಿ, ಹೊಲಿಗೆ ಯಂತ್ರ ಕೊಡ್ತೀವಿ, ಕಾಡು ಉಳಿಸಿ ಅಂದ್ರೆ ಯಾರು ನಂಬ್ತಾರೆ? ಯೋಜನೆ ಒಂದೇ, ಹಣದ ಮೂಲ ಒಂದೇ. ಒಂದು ಕಡೆ ಕೆಲಸದ ಜೊತೆ ಜವಾಬ್ದಾರಿ ಕೊಟ್ರು. ಇನ್ನೊಂದು ಕಡೆ ಸಾಮಾನು ಕೊಡೋಕೆ ಬಂದ್ರು.

ಅಧಿಕಾರಿ: ಸರಿ, ಜವಾಬ್ದಾರಿ ಅಂದೆಯಲ್ಲ, ಅಲ್ಲಿಗೇ ಬರೋಣ. ಊರೇ ನಿಂತು ಬೇಟೆ ನಿಲ್ಲಿಸಿದ ಉದಾಹರಣೆ ಅಂದ ಕೂಡಲೇ ಎಲ್ಲರೂ ನಾಗಾಲ್ಯಾಂಡ್ ಹೆಸರು ಹೇಳ್ತಾರೆ. ಇವತ್ತಿನ ಸಭೆಯಲ್ಲಿ ನೀನೂ ಹೇಳಿದೆ.

ಯುವತಿ: ಹೇಳದೆ ಇರೋಕೆ ಆಗುತ್ತಾ ಸಾರ್? ದೋಯಾಂಗ್ ಜಲಾಶಯದ ಹತ್ತಿರದ ಪಾಂಗ್ಟಿ ಊರಲ್ಲಿ 2012ರ ಒಂದೇ ಋತುವಿನಲ್ಲಿ ಲಕ್ಷಕ್ಕೂ ಹೆಚ್ಚು ಅಮುರ್ ಚಾಣಗಳನ್ನ ಬಲೆ ಹಾಕಿ ಕೊಂದಿದ್ರು. ಬೆಂಗಳೂರಿನವರೂ ಇದ್ದ ಒಂದು ತಂಡ ಅದನ್ನು ಚಿತ್ರ ಸಮೇತ ಹೊರಗೆ ತಂತು. ಮರುವರ್ಷ ಊರಿನ ಮಂಡಳಿ, ಚರ್ಚು, ಶಾಲೆ, ಸರ್ಕಾರ ಎಲ್ಲ ಕೂತ್ರು. 2013ರಲ್ಲಿ ಬಲೆಗಳು ಎದ್ದೇ ಇಲ್ಲ. ಸೈಬೀರಿಯಾ ಕಡೆಯಿಂದ ಆಫ್ರಿಕಾದ ದಕ್ಷಿಣಕ್ಕೆ ಹೋಗೋ ಹಕ್ಕಿ ಅದು. ಒಂದೇ ವರ್ಷದಲ್ಲಿ ಒಂದು ಊರು ಬದಲಾಯ್ತು.

ಅಧಿಕಾರಿ: ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದ್ರೆ ಆ ಚಾಣ ಕೆಲವು ವಾರ ಇದ್ದು ಹಾರಿಹೋಗುತ್ತೆ. ರಾಗಿ ಹೊಲ ತುಳಿಯಲ್ಲ, ಹಸು ಹಿಡಿಯಲ್ಲ, ರಾತ್ರಿ ಬಚ್ಚಲಿಗೆ ಹೋದ ಅಜ್ಜಿಯನ್ನ ಕೊಲ್ಲಲ್ಲ. ನಮ್ಮ ಕೊಕ್ಕರೆ ಬೆಳ್ಳೂರು ತಗೋ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನ ಬಾಣಂತನಕ್ಕೆ ಬಂದ ಮನೆಮಕ್ಕಳು ಅಂತ ಊರೇ ಸಾಕಿಕೊಳ್ತು. 2007ರಲ್ಲಿ ಅದು ಸಮುದಾಯ ಮೀಸಲು ಆಯ್ತು. ಹುಣಸೆ ಫಸಲು ಹೋದ ಮರದ ಮಾಲೀಕರಿಗೆ ಇಲಾಖೆ ಒಂದಿಷ್ಟು ಹಣ ಕೊಡುತ್ತೆ. ಹಕ್ಕಿಯ ಖರ್ಚು ಅಷ್ಟೇ. ಆನೆಯ ಖರ್ಚು ಹಾಗಲ್ಲ. 2023ರ ಗಣತಿ ಪ್ರಕಾರ ರಾಜ್ಯದಲ್ಲಿ 6,395 ಆನೆ ಇದ್ವು. ಹನೂರು, ಗುಂಡ್ಲುಪೇಟೆ ಕಡೆಯ ರೈತ ಆರು ತಿಂಗಳ ಬೆಳೆಯನ್ನ ಒಂದು ರಾತ್ರಿಗೆ ಕಳಕೊಳ್ತಾನೆ. ಅವನ ಹತ್ತಿರ ಹೋಗಿ, ಇದು ನಿನ್ನ ಆನೆ, ನೀನೇ ಕಾಯಿ ಅನ್ನೋ ಧೈರ್ಯ ನನಗಿಲ್ಲ.

ಯುವತಿ: ಅದಕ್ಕೇ ಸಾರ್, ಖರ್ಚು ಯಾರ ತಲೆ ಮೇಲೆ ಅನ್ನೋದೇ ಮೊದಲ ಪ್ರಶ್ನೆ. ಹುಲಿ ಇಡೀ ದೇಶದ ಆಸ್ತಿ ಅಂತೀರಿ. ಹುಲಿ ನೋಡೋಕೆ ಬಂದವರ ದುಡ್ಡು ರೆಸಾರ್ಟಿಗೆ ಹೋಗುತ್ತೆ. ಹಸು ಮಾತ್ರ ಒಬ್ಬಳದ್ದು ಹೋಗುತ್ತೆ. ಪರಿಹಾರದ ಅರ್ಜಿಗೆ ಫೋಟೋ, ಪಶುವೈದ್ಯರ ಪತ್ರ, ಓಡಾಟ. ಕೂಲಿ ಬಿಟ್ಟು ಅಷ್ಟು ಸಲ ಅಲೆದ್ರೆ ಬರೋ ಹಣದಲ್ಲಿ ಏನು ಉಳೀತದೆ? ಹಸು ಸತ್ತ ಸಂಜೆಯೇ ಇಲಾಖೆಯವರು ಮನೆ ಬಾಗಿಲಿಗೆ ಬಂದು ಒಂದು ಭಾಗ ಹಣ ಕೈಗಿಟ್ರೆ, ಆ ಕಳೇಬರದ ಹತ್ತಿರ ವಿಷ ಹೋಗಲ್ಲ.

ಅಧಿಕಾರಿ: ಇದಕ್ಕೆ ನನ್ನ ವಿರೋಧ ಇಲ್ಲ. ನಾನು ಕೆಲಸದಲ್ಲಿದ್ದಾಗಲೂ ಬರೆದಿದ್ದೀನಿ. ಆದ್ರೆ ಆಮೇಲೆ? ಹಣ ಬಂತು, ಕೆಲಸ ಬಂತು, ಹಕ್ಕೂ ಬಂತು ಅಂದ್ಕೋ. ಆಗ ನಿಮ್ಮ ಗ್ರಾಮಸಭೆ ಏನು ಮಾಡುತ್ತೆ?

ಯುವತಿ: ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ಗ್ರಾಮಸಭೆಗೆ ಕಾಡು, ವನ್ಯಜೀವಿ ಕಾಯೋ ಅಧಿಕಾರ ಕೊಟ್ಟಿದೆ. ಅದಕ್ಕೆ ಸಮಿತಿ ಮಾಡ್ಕೋಬೇಕು ಅಂತ 2008ರ ನಿಯಮಗಳಲ್ಲೂ ಇದೆ. ನಮ್ಮ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡು ಹಾಳಾಗುತ್ತೆ ಅಂತ ಹೆದರಿಸಿದ್ರು. ಹುಲಿ ಇವತ್ತೂ ಇದೆ, ದೊಡ್ಡ ಸಂಪಿಗೆ ಮರದ ಪೂಜೆಯೂ ನಡೀತಿದೆ. ಅದಕ್ಕೂ ಮೊದಲು, 2004ರ ಸುಮಾರಿಗೆ, ಮಾರೋಕೆ ಅಂತ ಜೇನು, ನೆಲ್ಲಿಕಾಯಿ, ಪಾಚಿ ತರಬಾರದು ಅಂತ ನಿಲ್ಲಿಸಿದ್ರಲ್ಲ, ಆಗ ಸಂಪಾದನೆ ಹೋದದ್ದು ಒಂದು ನಷ್ಟ. ಕಾಡಲ್ಲಿ ದಿನಾ ಓಡಾಡೋ ಕಣ್ಣುಗಳು ಹೋದದ್ದು ಇನ್ನೊಂದು ನಷ್ಟ. ಹೊರಗಿನ ಬೈಕು ನಿಂತಿದ್ದನ್ನ, ಹೊಸ ಉರುಳನ್ನ, ಹೊಗೆಯನ್ನ ಮೊದಲು ನೋಡೋರು ನೆಲ್ಲಿಕಾಯಿಗೆ ಹೋದ ಹೆಂಗಸರು.

ಅಧಿಕಾರಿ: ನೋಡ್ತಾರೆ, ಒಪ್ಪಿದೆ. ಹೇಳ್ತಾರಾ? ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾಳೆ ನಿನ್ನ ಸೋದರಮಾವನ ಮಗನೇ ದಲ್ಲಾಳಿಯಿಂದ ಮುಂಗಡ ತಗೊಂಡು ಚಿಪ್ಪುಹಂದಿ ಹಿಡಿದುಕೊಟ್ಟ ಅಂತ ನಿನಗೆ ಗೊತ್ತಾಯ್ತು. ಅವನ ಹೆಸರನ್ನ ನಮಗೆ ಹೇಳ್ತೀಯಾ?

ಯುವತಿ: ...ತಕ್ಷಣ ಹೇಳಲ್ಲ ಸಾರ್. ನಿಮ್ಮ ಮುಂದೆ ಸುಳ್ಳು ಹೇಳೋದು ಬೇಡ. ಮೊದಲು ನಮ್ಮ ಪೋಡಿನ ಯಜಮಾನರ ಮುಂದೆ ಅವನನ್ನ ಕೂರಿಸ್ತೀನಿ. ಮುಂಗಡ ವಾಪಸ್ ಕೊಡಿಸ್ತೀನಿ. ಎಲ್ಲರ ಮುಂದೆ ತಪ್ಪು ಒಪ್ಪಿಸಿ ದಂಡ ಹಾಕಿಸ್ತೀನಿ. ದಲ್ಲಾಳಿಯ ಹೆಸರನ್ನ ಮಾತ್ರ ಅವತ್ತೇ ನಿಮಗೆ ಕೊಡ್ತೀನಿ.

ಅಧಿಕಾರಿ: ಅಲ್ಲೇ ನೋಡು ಸಮಸ್ಯೆ. ಚಿಪ್ಪುಹಂದಿ ಒಂದನೇ ಪರಿಚ್ಛೇದದ ಪ್ರಾಣಿ. ದಂಡ ಕಟ್ಟಿಸಿಕೊಂಡು ಬಿಡೋ ಅಧಿಕಾರ ನನಗೇ ಇರಲಿಲ್ಲ, ನಿಮ್ಮ ಯಜಮಾನರಿಗೆ ಎಲ್ಲಿಂದ ಬರುತ್ತೆ? ನೀನು ಅವನನ್ನ ಕೂರಿಸಿ ಬುದ್ಧಿ ಹೇಳೋ ಎರಡು ದಿನದಲ್ಲಿ ಮಾಲು ಗಡಿ ದಾಟಿರುತ್ತೆ. ನಿನ್ನ ಮಾವನ ಮಗನಿಗೆ ಒಂದು ನ್ಯಾಯ, ಪಕ್ಕದ ಊರಿನ ಬಡವನಿಗೆ ಇನ್ನೊಂದು ನ್ಯಾಯ ಆಗುತ್ತೆ. ಊರಲ್ಲಿ ಬಲ ಇದ್ದವನು ತಪ್ಪಿಸಿಕೊಳ್ತಾನೆ. ಸಮುದಾಯ ಅಂದ್ರೆ ಎಲ್ಲರೂ ಸಮ ಅಂತ ತಿಳ್ಕೋಬೇಡ. ಅಲ್ಲೂ ದೊಡ್ಡವರು, ಸಣ್ಣವರು ಇದ್ದಾರೆ.

ಯುವತಿ: ಆ ಕೊನೇ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಮ್ಮ ಸಭೆಯಲ್ಲೂ ಹೆಂಗಸರ ಮಾತು ಕೇಳಿಸೋಕೆ ನಾನೇ ಎಷ್ಟು ಜಗಳ ಆಡಿದ್ದೀನೋ. ಆದ್ರೆ ನೀವೂ ಒಂದು ಉತ್ತರ ಕೊಡಿ. ದಲ್ಲಾಳಿ ನಿಮ್ಮ ಸಿಬ್ಬಂದಿಯಲ್ಲೇ ಒಬ್ಬನನ್ನ ಕೊಂಡುಕೊಂಡಿದ್ರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ನಾವು ಯಾರ ಹೆಸರನ್ನ ಯಾರಿಗೆ ಹೇಳೋಣ? ನಾನು ಕೊಟ್ಟ ಹೆಸರು ಸಂಜೆಯೊಳಗೆ ಅವನ ಕಿವಿಗೇ ಬಿದ್ರೆ ನನ್ನನ್ನ ಕಾಯೋರು ಯಾರು? ನಿಮ್ಮ ಅಧಿಕಾರಿಗಳು ನಾಳೆ ವರ್ಗ ಆಗಿ ಹೋಗ್ತಾರೆ. ನಾನು ಅದೇ ಪೋಡಿನಲ್ಲಿ ಇರಬೇಕು.

ಅಧಿಕಾರಿ: ಹೌದು. ಸುದ್ದಿ ಕೊಟ್ಟವರ ಹೆಸರು ಕಾಪಾಡೋದ್ರಲ್ಲಿ ನಾವು ಎಷ್ಟೋ ಸಲ ಸೋತಿದ್ದೀವಿ. ಮಹಜರಿಗೆ ಸಹಿ ಹಾಕಿದ ಊರವರು ಕೋರ್ಟಿನಲ್ಲಿ ತಿರುಗಿಬೀಳೋದನ್ನ ನೋಡಿ ನೋಡಿ ನನಗೆ ಸಿಟ್ಟು ಬರ್ತಿತ್ತು.

ಯುವತಿ: ಅವರು ಯಾಕೆ ತಿರುಗಿಬೀಳ್ತಾರೆ ಸಾರ್? ಮಹಜರಿಗೆ ಸಹಿ ಹಾಕಿಸ್ಕೊಂಡ ಮೇಲೆ ಸಮನ್ಸ್ ಬರೋದು ವರ್ಷಗಳು ಕಳೆದ ಮೇಲೆ. ಒಂದು ವಾಯಿದೆಗೆ ಹೋದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು. ಹೋದ ದಿನ ಕೇಸು ಮುಂದಕ್ಕೆ. ಆರೋಪಿಗೆ ವಕೀಲ ಇರ್ತಾನೆ, ಸಾಕ್ಷಿಗೆ ಜೊತೆಗೆ ಬರೋರೂ ಇಲ್ಲ. ಮೂರನೇ ವಾಯಿದೆಗೆ ‘ನನಗೇನೂ ಗೊತ್ತಿಲ್ಲ’ ಅಂದು ಮನೆಗೆ ಬರ್ತಾನೆ. ಗ್ರಾಮಸಭೆಗೆ ಕಾವಲಿನ ಪಾಲು ಕೊಡೋದು ಅಂದ್ರೆ ಇಂಥದ್ದಕ್ಕೂ ಜೊತೆ ನಿಲ್ಲೋದು.

ಅಧಿಕಾರಿ: ಇದನ್ನು ನಾನು ಇಷ್ಟು ಹತ್ತಿರದಿಂದ ಯೋಚಿಸಿರಲಿಲ್ಲ.

ಯುವತಿ: ಇನ್ನೊಂದು ಮಾತಿದೆ. ಕಾವಲು, ಬೇಲಿ, ಕ್ಯಾಮೆರಾ ಎಲ್ಲ ಕಾಡಂಚಿಗೇ ಯಾಕೆ? ಎರಡು ತಲೆ ಹಾವು ಮನೆಯಲ್ಲಿದ್ರೆ ಐಶ್ವರ್ಯ ಬರುತ್ತೆ ಅಂತ ಲಕ್ಷಗಟ್ಟಲೆ ಕೊಡೋಕೆ ನಿಂತವನು ಸೋಲಿಗ ಅಲ್ಲ. ಕಾಡುಪಾಪವನ್ನ ಹಿಡಿದು ಮಾಟಕ್ಕೆ ಬಳಸೋರಿಗೆ ದುಡ್ಡು ಕೊಡೋನು ಪೇಟೆಯವನು. ನಕ್ಷತ್ರ ಆಮೆಯನ್ನ ಅದೃಷ್ಟ ಅಂತ ಫ್ಲ್ಯಾಟಿನಲ್ಲಿ ಇಟ್ಕೊಂಡೋನು ವಿದ್ಯಾವಂತ. ಆ ಹಾವಿಗೆ ಎರಡು ತಲೆಯೇ ಇಲ್ಲ, ಬಾಲ ಮೊಂಡು ಅಷ್ಟೇ ಅನ್ನೋದನ್ನ ಅವನಿಗೆ ಕಲಿಸೋಕೆ ಯಾವ ಸಭೆಯೂ ನಡೆಯಲ್ಲ. ಜಾಗೃತಿ ಶಿಬಿರ ಅಂದ್ರೆ ನಮ್ಮ ಪೋಡಿಗೇ ಬರ್ತಾರೆ. ಕೊಳ್ಳೋರದ್ದೂ ಒಂದು ಸಮುದಾಯ ತಾನೆ? ಅವರ ನಡುವೆ ಹೆಸರು ಹೇಳೋರು ಯಾರು?

ಅಧಿಕಾರಿ: ಈ ಮಾತನ್ನ ನೀನು ವೇದಿಕೆ ಮೇಲೇ ಹೇಳಬೇಕಿತ್ತು. ಇಷ್ಟು ವರ್ಷದಲ್ಲಿ ನಾನು ಹಿಡಿದವರೆಲ್ಲ ಹೊತ್ತುಕೊಂಡು ಹೋಗ್ತಿದ್ದವರು, ಹಿಡಿದುಕೊಟ್ಟವರು. ಕೊಂಡವನ ಮನೆವರೆಗೆ ಕೇಸು ಹೋದದ್ದು ತೀರಾ ಕಡಿಮೆ. ಆದ್ರೆ ಆ ಕೆಲಸಕ್ಕೆ ಬೇಕಾದದ್ದು ಫೋನ್ ದಾಖಲೆ, ಬ್ಯಾಂಕ್ ದಾಖಲೆ, ಹೊರರಾಜ್ಯದ ಪೊಲೀಸರು. ಅದು ಗ್ರಾಮಸಭೆಯಿಂದ ಆಗಲ್ಲ, ಬಲವಾದ ಇಲಾಖೆಯೇ ಬೇಕು. ನೀನು ಇಲಾಖೆಯನ್ನ ದೂರ ಇಡೋಕೆ ಹೊರಟ್ರೆ ಕೊಳ್ಳೋನು ಇನ್ನೂ ಆರಾಮಾಗಿರ್ತಾನೆ.

ಯುವತಿ: ದೂರ ಇಡಬೇಕು ಅಂತ ನಾನು ಎಲ್ಲಿ ಅಂದೆ? ಅಧಿಕಾರ ಹಂಚಿಕೊಳ್ಳಿ ಅಂದೆ. ನಿಮ್ಮ ಗಸ್ತಿನ ದಾರಿಯನ್ನ ನಮ್ಮ ಸಮಿತಿ ಜೊತೆ ಕೂತು ಬರೀರಿ. ಕಾಡಲ್ಲಿ ಹಿಡಿದ ಮಾಲು, ಹಾಕಿದ ಕೇಸು, ಬಿಟ್ಟ ಕೇಸು ಎಲ್ಲವನ್ನೂ ಮೂರು ತಿಂಗಳಿಗೊಮ್ಮೆ ಗ್ರಾಮಸಭೆಯ ಮುಂದೆ ಓದಿ ಹೇಳಿ. ನಾವೂ ನಮ್ಮ ಕಡೆ ತೆಗೆದ ಉರುಳು, ಕಂಡ ಅಪರಿಚಿತರ ಲೆಕ್ಕ ನಿಮಗೆ ಕೊಡ್ತೀವಿ.

ಅಧಿಕಾರಿ: ಉರುಳಿನ ಲೆಕ್ಕ, ಜಂಟಿ ಗಸ್ತು, ಸಂಜೆಯೊಳಗೆ ಪರಿಹಾರ, ಸಾಕ್ಷಿಗೆ ಬಸ್ ಚಾರ್ಜು ಮತ್ತು ಕೂಲಿ, ಕಾವಲುಗಾರರಿಗೆ ತಿಂಗಳ ಮೊದಲ ವಾರ ಸಂಬಳ. ಇಷ್ಟಕ್ಕೆ ನಾನು ನಿಮ್ಮ ಜೊತೆ ಸಹಿ ಹಾಕ್ತೀನಿ, ಬೆಂಗಳೂರಿಗೂ ಬರ್ತೀನಿ. ವ್ಯಾಪಾರಕ್ಕೆ ಕೈ ಹಾಕಿದವನನ್ನ ಊರಲ್ಲೇ ಕೂರಿಸಿ ತೀರ್ಮಾನ ಮಾಡ್ತೀವಿ ಅನ್ನೋದಕ್ಕೆ ಮಾತ್ರ ಹಾಕಲ್ಲ. ಅದೊಂದು ಬಾಗಿಲು ತೆರೆದ್ರೆ ಅಲ್ಲಿಂದಲೇ ಎಲ್ಲ ಹೋಗುತ್ತೆ.

ಯುವತಿ: ಹೆಸರು ಕೊಟ್ಟವರ ರಕ್ಷಣೆ ಏನು ಅಂತ ಬರಹದಲ್ಲಿ ಸಿಗೋವರೆಗೂ ನಾನೂ ನಮ್ಮವರ ಹೆಸರು ಕೊಡೋಕೆ ಸಹಿ ಹಾಕಲ್ಲ. ಅಲ್ಲಿಯವರೆಗೆ ದಲ್ಲಾಳಿಯ ಹೆಸರು ಮಾತ್ರ.

ಅಧಿಕಾರಿ: ಆ ನಡುವೆ ಒಂದು ಚಿಪ್ಪುಹಂದಿ ಸತ್ರೆ ಅದರ ಲೆಕ್ಕ ಯಾರ ಮೇಲೆ?

ಯುವತಿ: ಇಬ್ಬರ ಮೇಲೂ ಸಾರ್. ಅದಕ್ಕೇ ಇದನ್ನ ಹೀಗೇ ಬಿಡೋಕೆ ಆಗಲ್ಲ. ಬರೋ ಗ್ರಾಮಸಭೆಗೆ ಎರಡು ವಿಷಯ ಇಡ್ತೀನಿ: ತೆಗೆದ ಉರುಳುಗಳ ಲೆಕ್ಕ ಒಂದು, ಹೆಸರು ಹೇಳೋದರ ನಿಯಮ ಇನ್ನೊಂದು. ಮೊದಲನೆಯದಕ್ಕೆ ನೀವು ಒಪ್ಪಿಗೆ ಹೇಳಿ, ಎರಡನೆಯದನ್ನ ಎಲ್ಲರ ಮುಂದೆ ವಿರೋಧಿಸಿ. ನಮ್ಮ ಹಿರಿಯರಿಗೂ ಈ ಪ್ರಶ್ನೆಯನ್ನ ಯಾರಾದ್ರೂ ಮುಖಕ್ಕೆ ಮುಖ ಕೊಟ್ಟು ಕೇಳಲೇಬೇಕು.

ಅಧಿಕಾರಿ: ಬರ್ತೀನಿ. ಆದ್ರೆ ನಾನು ಒಬ್ಬನೇ ಬಂದ್ರೆ ಸಾಲದು, ನಾನು ನಿವೃತ್ತ. ಈಗಿನ ವಲಯ ಅರಣ್ಯಾಧಿಕಾರಿಗೂ ನೋಟಿಸ್ ಕಳಿಸು. ಅವರು ಬಂದು ಉತ್ತರ ಕೊಡೋ ಹಾಗೆ ಮಾಡೋದು ನನ್ನ ಕೆಲಸ. ನಿಮ್ಮ ಯಜಮಾನರು ಉತ್ತರ ಕೊಡೋ ಹಾಗೆ ಮಾಡೋದು ನಿನ್ನದು.